ಹಳೇ ಮನೆಗೆ ಆರ್‌ಸಿಸಿಬಿ ಹಾಕಿಸಿದ್ದೇ ತಪ್ಪಾಯ್ತಾ? ದಿನಾ ಟ್ರಿಪ್ ಆಗುತ್ತಿದೆ

ಜಗಲಿಕಟ್ಟೆ:
ತೀರ್ಥಹಳ್ಳಿ ಹತ್ತಿರ ನಮ್ಮದು ಹಂಚಿನ ಮನೆ. ಅಜ್ಜನ ಕಾಲದಲ್ಲಿ ಮರದ ಪಟ್ಟಿ ಮೇಲೆ ಮಾಡಿಸಿದ ವೈರಿಂಗ್, ಗುಂಡಗಿನ ಕಪ್ಪು ಸ್ವಿಚ್ಚು. ಆಮೇಲೆ ಹಿಂದುಗಡೆ ಅಡುಗೆಮನೆ, ಬಚ್ಚಲು ಕಟ್ಟಿದಾಗ ಅಷ್ಟಕ್ಕೆ ಮಾತ್ರ ಪೈಪ್ ವೈರಿಂಗ್ ಆಯಿತು. ಹಂಡೆ ಒಲೆಗೆ ಸೌದೆ ಒಟ್ಟೋಕೆ ಅಮ್ಮನಿಗೆ ಆಗಲ್ಲ ಅಂತ ಎರಡು ವರ್ಷದ ಹಿಂದೆ ಗೀಸರ್ ಹಾಕಿಸಿದೆ. ಈ ಮಳೆಗಾಲದಲ್ಲಿ ಅಮ್ಮ ಫೋನ್ ಮಾಡಿ, "ನಲ್ಲಿ ಮುಟ್ಟಿದ್ರೆ ಜುಂ ಅಂತದೆ ಕಣೋ, ಒಂದೊಂದ್ ಸಲ" ಅಂದರು. ಅದನ್ನ ಹೇಳಿದ್ದು ಮಾತಿನ ಕೊನೆಗೆ, ಪಕ್ಕದ ಮನೆ ದನದ ವಿಷಯ ಎಲ್ಲ ಮುಗಿದ ಮೇಲೆ!

ಆ ವಾರವೇ ಬೆಂಗಳೂರಿನಿಂದ ಹೋಗಿ 30 ಮಿಲಿಆಂಪ್‌ನ ಆರ್‌ಸಿಸಿಬಿ (ಅಷ್ಟು ಕರೆಂಟ್ ಸೋರಿದರೂ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್) ಹಾಕಿಸಿ ಬಂದೆ. ಹಿಂದಿನ ಭಾಗ ಮತ್ತು ಜಗಲಿಗೆ ಹೊಸ ಬಾಕ್ಸಿನಿಂದ ಲೈನ್. ನಡುಮನೆ, ದೇವರ ಕೋಣೆ, ಅಟ್ಟ ಇನ್ನೂ ಹಳೇ ಪಿಂಗಾಣಿ ಫ್ಯೂಸ್ ಬೋರ್ಡಿನಲ್ಲೇ ಇವೆ. "ಅದನ್ನ ಮುಟ್ಟೋದು ಬೇಡ" ಅಂದರು ಎಲೆಕ್ಟ್ರಿಷಿಯನ್.

ಈಗ ಜಗಲಿ ಲೈಟ್ ಹಾಕಿದ ಕೂಡಲೇ ಟಪ್ ಅಂತ ಬೀಳುತ್ತದೆ, ಪ್ರತಿ ಸಲ. ಇನ್ನು ಜೋರು ಮಳೆಯ ರಾತ್ರಿ ಯಾರೂ ಯಾವ ಸ್ವಿಚ್ಚೂ ಮುಟ್ಟದಿದ್ದರೂ ಬೀಳುತ್ತದೆ. ಅಪ್ಪಯ್ಯ ಟಾರ್ಚ್ ಹಿಡಿದು ಎದ್ದು ಹೋಗಬೇಕು. "ಹಳೇ ಮನೆಗೆ ಇದೆಲ್ಲ ಆಗಿಬರಲ್ಲ, ತೆಗೆದುಬಿಡೋಣ" ಅನ್ನುತ್ತಾರೆ ಎಲೆಕ್ಟ್ರಿಷಿಯನ್. ತೆಗೆಸಲಾ? ಅಥವಾ ಇಡೀ ಮನೆ ವೈರಿಂಗ್ ಕಿತ್ತು ಹೊಸದು ಮಾಡಿಸಲಾ? ಅಷ್ಟು ದುಡ್ಡು ಈ ವರ್ಷ ಕಷ್ಟ.

ಸಾಗರದವಳು:
ನಮ್ಮ ಮನೆಯಲ್ಲೂ ಇದೇ ರಾಮಾಯಣ. 30ರದ್ದು ತೆಗೆದು 100 ಮಿಲಿಆಂಪ್‌ದು ಹಾಕಿಸಿದೆವು. ಆಮೇಲೆ ಒಂದು ಸಲಾನೂ ಬಿದ್ದಿಲ್ಲ. ಕೇಳಿ ನೋಡಿ.

ಮೂರು_ಇಪ್ಪತ್ತು:
ಸಾಗರದ ಅಕ್ಕಾ, ಬೇಜಾರು ಮಾಡ್ಕೋಬೇಡಿ, ಆದರೆ ನಿಮ್ಮದು ಸರಿಯಾಗಿಲ್ಲ. 100 ಮಿಲಿಆಂಪ್‌ದು ಇರೋದು ಸೋರಿಕೆಯಿಂದ ಬೆಂಕಿ ಹತ್ತದಿರಲಿ ಅಂತ. ಮನುಷ್ಯನ ಜೀವಕ್ಕೆ 30 ಅಥವಾ ಅದಕ್ಕಿಂತ ಕಡಿಮೆಯೇ ಬೇಕು. ನಿಮ್ಮಲ್ಲಿ ಸೋರಿಕೆ ನಿಂತಿಲ್ಲ, ಹೇಳುವವನ ಬಾಯಿ ಮುಚ್ಚಿಸಿದ್ದೀರಿ ಅಷ್ಟೇ.

ಜಗಲಿಕಟ್ಟೆಯವರೇ, ನಾನು ವೈರ್‌ಮನ್, 31 ವರ್ಷದಿಂದ ಇದೇ ಕೆಲಸ. ದಯವಿಟ್ಟು ತೆಗೆಸಬೇಡಿ. ಈ ಡಬ್ಬಿ ಮಾಡೋದು ಒಂದೇ ಲೆಕ್ಕ. ಫೇಸಿನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ? ಬರದಿದ್ದರೆ ಬೀಳುತ್ತದೆ.

ನೀವು ಬರೆದದ್ದು ನೋಡಿದರೆ ಇಲ್ಲಿ ಎರಡು ಬೇರೆ ಬೇರೆ ಕಾಯಿಲೆ ಇವೆ. ಮೊದಲು ಜಗಲಿ. ಫೇಸ್ ಹೊಸ ಬಾಕ್ಸಿನಿಂದ ಬರುತ್ತಿದೆ, ನ್ಯೂಟ್ರಲ್ ಮಾತ್ರ ಹತ್ತಿರ ಸಿಕ್ಕಿತು ಅಂತ ನಡುಮನೆಯ ಹಳೇ ಲೈನಿನಿಂದ ಯಾರೋ ಎಳೆದಿದ್ದಾರೆ. ಆ ಹಳೇ ಲೈನ್ ಆರ್‌ಸಿಸಿಬಿ ಮೂಲಕ ಹೋಗಲ್ಲ. ಹಾಗಾಗಿ ಲೈಟ್ ಉರಿದರೆ ಲೆಕ್ಕ ತಪ್ಪುತ್ತದೆ. ಒಂದು 9 ವಾಟ್ ಬಲ್ಬೂ 30 ಮಿಲಿಆಂಪ್‌ಗಿಂತ ಜಾಸ್ತಿ ಎಳೆಯುತ್ತದೆ. ಹಳೇ ಮನೆಗಳಲ್ಲಿ ಹೀಗೆ ಬೇರೆ ಲೈನಿನಿಂದ ಸಾಲ ತಂದ ನ್ಯೂಟ್ರಲ್ ನಾನು ಲೆಕ್ಕವಿಲ್ಲದಷ್ಟು ಕಂಡಿದ್ದೇನೆ. ನಾನೇ ಕೆಲಸ ಕಲಿಯುವಾಗ ಹಾಗೆ ಎಳೆದದ್ದೂ ಉಂಟು.

ಮಳೆಯ ರಾತ್ರಿಯದು ಬೇರೆ. ಎಲ್ಲೋ ನ್ಯೂಟ್ರಲ್ ತಂತಿ ಅರ್ತಿಗೆ ಅಥವಾ ಒದ್ದೆ ಗೋಡೆಗೆ ತಾಗುತ್ತಿದೆ. ಇದನ್ನ ಹುಡುಕೋಕೆ ಎಂಸಿಬಿ (ಫ್ಯೂಸಿನ ಬದಲು ಹಾಕುವ ಸ್ವಿಚ್) ಒಂದೊಂದಾಗಿ ಆಫ್ ಮಾಡಿದರೆ ಸಿಕ್ಕಲ್ಲ. ಒಂಟಿ ಪೋಲ್ ಎಂಸಿಬಿ ಫೇಸ್ ಮಾತ್ರ ಕಡಿಯುತ್ತದೆ, ನ್ಯೂಟ್ರಲ್ ಹಾಗೇ ಇರುತ್ತದೆ. ಮೇನ್ ಆಫ್ ಮಾಡಿ, ನ್ಯೂಟ್ರಲ್ ಲಿಂಕಿನಿಂದ (ನ್ಯೂಟ್ರಲ್ ತಂತಿಗಳೆಲ್ಲ ಸೇರುವ ಪಟ್ಟಿ) ಒಂದೊಂದೇ ತಂತಿ ಬಿಚ್ಚಿ ಮೆಗ್ಗರ್ (ತಂತಿಯ ಹೊದಿಕೆ ಸೋರುತ್ತಿದೆಯಾ ಅಂತ ಅಳೆಯುವ ಮೀಟರ್) ಹಾಕಿ ನೋಡಬೇಕು. ಇದು ಲೈಸೆನ್ಸ್ ಇರುವ ವೈರ್‌ಮನ್ ಕೆಲಸ. ಅಪ್ಪಯ್ಯನ ಕೈಗೆ ಸ್ಕ್ರೂಡ್ರೈವರ್ ಕೊಡಬೇಡಿ.

ಇನ್ನು ಅಮ್ಮ ಹೇಳಿದ ಜುಂ. ಗೀಸರ್ ಪಾಯಿಂಟಿಗೆ ಅರ್ತ್ ಇದೆಯಾ? ಮೂರು ತೂತಿದ್ದರೆ ಅರ್ತ್ ಇದೆ ಅಂತಲ್ಲ. ಕೆಲವರು ಅರ್ತ್ ತೂತಿಗೆ ನ್ಯೂಟ್ರಲನ್ನೇ ಲೂಪ್ ಮಾಡಿರುತ್ತಾರೆ. ಆ ನ್ಯೂಟ್ರಲ್ ಒಂದು ದಿನ ಕಡಿದರೆ ಗೀಸರ್ ಬಾಡಿಗೇ 230 ವೋಲ್ಟ್ ಬರುತ್ತದೆ. ಅರ್ತ್ ಇಲ್ಲದಿದ್ದರೂ ಆರ್‌ಸಿಸಿಬಿ ಕೆಲಸ ಮಾಡುತ್ತದೆ, ಆದರೆ ಮನುಷ್ಯ ಮುಟ್ಟಿದ ಮೇಲೆ. ಅರ್ತ್ ಇದ್ದರೆ ಮುಟ್ಟುವ ಮೊದಲೇ ಬೀಳುತ್ತದೆ.

ಇಡೀ ಮನೆ ಒಟ್ಟಿಗೆ ಬೇಡ. ಈ ವರ್ಷ ಅರ್ತ್ ಗುಂಡಿ, ಗೀಸರಿಗೆ ಬಾಕ್ಸಿನಿಂದಲೇ ಪ್ರತ್ಯೇಕ 4 ಸ್ಕ್ವೇರ್ ಎಂಎಂ ದಪ್ಪದ ತಾಮ್ರದ ಲೈನ್, ಆಮೇಲೆ ಅಟ್ಟ. ಅಟ್ಟದ ಪಟ್ಟಿ ವೈರಿಂಗಿನ ರಬ್ಬರ್ ಬಗ್ಗಿಸಿದರೆ ಪುಡಿ ಪುಡಿ ಉದುರುತ್ತದೆ. ಅಲ್ಲಿ ಒಣಗಿದ ಅಡಿಕೆ, ಗೋಣಿಚೀಲ, ಇಲಿ ಎಲ್ಲ ಇರುತ್ತವೆ ಅಲ್ವಾ?

ಸಾಗರದವಳು:
ಇಲ್ಲ, ಬೇಜಾರಿಲ್ಲ. ನಾಳೆಯೇ ಫೋನ್ ಮಾಡ್ತೀನಿ. ನಮಗೆ 100 ಅಂದರೆ ಜಾಸ್ತಿ ಒಳ್ಳೇದು ಅಂತ ಹೇಳಿದ್ದರು, ಮಾರಾಯ್ರೆ.

ಜಗಲಿಕಟ್ಟೆ (ಎರಡು ತಿಂಗಳ ನಂತರ):
ಬೇರೆ ವೈರ್‌ಮನ್ ಕರೆಸಿದೆ. ಜಗಲಿಯದ್ದು ನೀವು ಹೇಳಿದ್ದೇ. ನ್ಯೂಟ್ರಲ್ ದೇವರ ಕೋಣೆಯ ಬಾಗಿಲ ಮೇಲಿಂದ ಬಂದಿತ್ತು. ಅರ್ಧ ಗಂಟೆಯ ಕೆಲಸ.

ಮಳೆಯದ್ದು ಹುಡುಕೋಕೆ ಮಧ್ಯಾಹ್ನದವರೆಗೂ ಆಯಿತು. ಬಚ್ಚಲಿನ ಲೈಟ್ ಸ್ವಿಚ್‌ಬೋರ್ಡ್ ಬಿಚ್ಚಿದರೆ ಒಳಗಿನ ಕಬ್ಬಿಣದ ಬಾಕ್ಸ್ ತುಕ್ಕು ಹಿಡಿದು ಕೆಂಪಗಾಗಿತ್ತು, ತಳದಲ್ಲಿ ನೀರು. ಮೇಲೆ ಒಂದು ಹಂಚು ಒಡೆದು ನೀರು ಗೋಡೆಯೊಳಗೇ ಇಳಿಯುತ್ತಿತ್ತು. ನ್ಯೂಟ್ರಲ್ ಜಾಯಿಂಟಿಗೆ ಸುತ್ತಿದ್ದ ಟೇಪು ಬಿಚ್ಚಿಕೊಂಡು ನೀರಿಗೆ ತಾಗುತ್ತಿತ್ತು. ಹಂಚು ಬದಲಾಯಿಸಿದೆವು, ಪ್ಲಾಸ್ಟಿಕ್ ಬಾಕ್ಸ್ ಹಾಕಿಸಿದೆವು.

ಅರ್ತ್ ಗುಂಡಿ ಇತ್ತು, ಬಾಳೆಗಿಡದ ಬುಡದಲ್ಲಿ. ಅಗೆದರೆ ಪೈಪಿನ ತಲೆಗೆ ಕಟ್ಟಿದ್ದ ತಂತಿ ತುಂಡಾಗಿ ಸುಮ್ನೆ ಬಿದ್ದಿತ್ತು. ಯಾವ ಕಾಲದಿಂದಲೋ. ಹೊಸದಾಗಿ 2.5 ಮೀಟರ್ ಜಿಐ ಪೈಪ್ ಇಳಿಸಿ, ಇದ್ದಿಲು, ಉಪ್ಪು ತುಂಬಿಸಿದೆವು. ಗೀಸರಿನ ಹೀಟಿಂಗ್ ಕಾಯಿಲ್ ಒಡೆದು ನೀರಿಗೆ ಕರೆಂಟ್ ಸೋರುತ್ತಿದ್ದದ್ದೂ ಆಗಲೇ ಗೊತ್ತಾಗಿ, ಅದನ್ನೂ ಬದಲಾಯಿಸಿದೆ.

ಹಳೇ ಬೋರ್ಡಿನ ಫ್ಯೂಸ್ ತೆಗೆದು ನೋಡಿದರೆ ಅದರಲ್ಲಿ ಬೇಲಿ ತಂತಿಯಂಥ ದಪ್ಪ ತಂತಿ! ಪದೇ ಪದೇ ಹೋಗುತ್ತಿತ್ತು ಅಂತ ಅಪ್ಪಯ್ಯನೇ ಸುತ್ತಿದ್ದಂತೆ. ಆ ಬೋರ್ಡಿಗೂ ಈಗ ಎಂಸಿಬಿ ಬಂದಿದೆ. ಅಟ್ಟದ ವೈರಿಂಗ್ ಅಡಿಕೆ ಕೊಯ್ಲು ಮುಗಿದ ಮೇಲೆ. ಅಲ್ಲಿಯವರೆಗೆ ಅಟ್ಟದ ಲೈನ್ ಕಡಿಸಿದ್ದೇನೆ, ಟಾರ್ಚೇ ಗತಿ.

ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಿ ನೋಡಿ ಅಂತ ವೈರ್‌ಮನ್ ಹೇಳಿದ್ದರು. ಅಪ್ಪಯ್ಯ ಮೊನ್ನೆ ಅಮ್ಮ ದೋಸೆ ಹಿಟ್ಟು ರುಬ್ಬುವಾಗಲೇ ಒತ್ತಿ ಬೈಸಿಕೊಂಡರಂತೆ.