ಪದಚರ್ಚೆ: ಮೇಲೇಳುವ ಬುರುಜಿಗೆ ಏನನ್ನೋಣ?

ಗೆಳೆಯರೇ,

ಜರ್ಮನಿಯ ದಾಳಿ ತಡೆಯಲು ಫ್ರಾನ್ಸ್ ತನ್ನ ಗಡಿಯಲ್ಲಿ ಕಟ್ಟಿಕೊಂಡ ಮಾಜಿನೋ ಲೈನ್ ಬಗ್ಗೆ ಪ್ರವಾಸದ ಬರಹ ಬರೆಯುತ್ತಿದ್ದೇನೆ. ಒಂದೆರಡು ಪದಗಳ ಹತ್ತಿರ ಕೈ ನಿಂತಿದೆ.

ಇದಕ್ಕೆ 'ರಕ್ಷಣಾ ರೇಖೆ' ಅನ್ನುತ್ತೇವೆ. ಓದಿದವರಿಗೆ ಗಡಿಯುದ್ದಕ್ಕೂ ಗೋಡೆಯೋ ಕಂದಕವೋ ಇದೆ ಅನ್ನಿಸುತ್ತದೆ, ಅಲ್ವಾ? ಅಲ್ಲಿ ಹೋಗಿ ನೋಡಿದರೆ ಕಾಡು, ಹೊಲ, ನಡುನಡುವೆ ನೆಲದಡಿಯ ಕೋಟೆಗಳು. 1930ರ ದಶಕದಲ್ಲಿ ಕಟ್ಟಿದವು. ಅಕ್ಕಪಕ್ಕದ ಕೋಟೆಗಳು ತೋಪು ಹಾರಿಸಿ ಒಂದಕ್ಕೊಂದು ಕಾವಲು ಕೊಡುವಂತೆ ಜಾಗ ಹಿಡಿದಿದ್ದರು. ಹಾಗಾಗಿ ನನಗೆ 'ಕೋಟೆಸಾಲು' ಹೆಚ್ಚು ಹಿಡಿಸಿದೆ. ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ?

ನಿಜವಾದ ತೊಡಕು ತೋಪಿನ ಮನೆಯದು. ವೆಕ್ರಿಂಗ್ ಊರಿನ ಹತ್ತಿರ ಹಾಕೆನ್‌ಬರ್ಗ್ ಕೋಟೆಯಿದೆ. ಒಳಗೆ ಸುಮಾರು 10 ಕಿ.ಮೀ. ಸುರಂಗ, ನೋಡಲು ಬಂದವರನ್ನು ಪುಟ್ಟ ವಿದ್ಯುತ್ ರೈಲಿನಲ್ಲಿ ಕರೆದೊಯ್ಯುತ್ತಾರೆ. ಮೇಲೆ ಹುಲ್ಲಿನ ನಡುವೆ ಕಾಂಕ್ರೀಟು, ಅದರಲ್ಲಿ ಉಕ್ಕಿನ ಒಂದು ದುಂಡು ಮುಚ್ಚಳ, ಅಷ್ಟೇ ಕಾಣುವುದು. ಗುಂಡು ಹಾರಿಸುವಾಗ ಆ ಮುಚ್ಚಳ ತೋಪಿನ ಸಮೇತ ಮೇಲೇಳುತ್ತದೆ, ಸುತ್ತ ತಿರುಗುತ್ತದೆ, ಕೆಲಸ ಮುಗಿದ ಮೇಲೆ ಮತ್ತೆ ಇಳಿದು ಕೂರುತ್ತದೆ. ಕೆಳಗೆ ಎದುರುತೂಕ ಕಟ್ಟಿರುವುದರಿಂದ ಕರೆಂಟು ಹೋದರೂ ಕೈಯಿಂದ ತಿರುಗಿಸಿ ಎತ್ತಬಹುದು.

ಇದಕ್ಕೆ 'ಗೋಪುರ' ಅಂದರೆ ಓದುಗರ ಕಣ್ಣಿಗೆ ದೇವಸ್ಥಾನ ಬರುತ್ತದೆ. 'ಬುರುಜು', 'ಕೊತ್ತಲ' ತೋಪಿಗೆ ಹೊಂದುವ ಪದಗಳೇ. ಆದರೆ ವಿಜಯಪುರದ ಉಪ್ಪಲಿ ಬುರುಜಿನಂತೆ ಅವು ದೂರದಿಂದಲೇ ಎದ್ದು ಕಾಣುವಂಥವು, ಇದು ಬಚ್ಚಿಟ್ಟುಕೊಳ್ಳುವಂಥದ್ದು. 'ಏಳುಬುರುಜು' ಅಂತ ಬರೆದು ನೋಡಿದೆ. ಏಳುಸುತ್ತಿನ ಕೋಟೆಯ ಚಿತ್ರದುರ್ಗದವರು ಉಳಿದ ಆರು ಎಲ್ಲಿ ಅಂತ ಕೇಳಿಯಾರು! ಸದ್ಯಕ್ಕೆ 'ಅಡಗುಬುರುಜು' ಅಂತ ಇಟ್ಟುಕೊಂಡಿದ್ದೇನೆ.

ಇನ್ನೊಂದು. ಕೋಟೆಯ ಒಂದೊಂದು ತೋಪಿನ ಕಟ್ಟಡಕ್ಕೂ ಅಲ್ಲಿ 'ಬ್ಲಾಕ್' ಅಂತಲೇ ಹೆಸರು. ಕನ್ನಡದಲ್ಲಿ ಅದು ಸುಮ್ನೆ ಸರ್ಕಾರಿ ಕ್ವಾರ್ಟರ್ಸಿನ ಹಾಗೆ ಕೇಳುತ್ತದೆ. ಮಂಗಳೂರಿನ ಸುಲ್ತಾನ್ ಬತ್ತೇರಿಯಲ್ಲಿರುವ 'ಬತ್ತೇರಿ' ಬಳಸಬಹುದೇ? ಅಲ್ಲೂ ಕೆಳಗೆ ಮದ್ದಿನ ಕೋಣೆ, ಮೇಲೆ ತೋಪಿನ ಕಿಂಡಿಗಳಿವೆ. ಪದ ಹೊರಗಿನಿಂದ ಬಂದದ್ದಾದರೂ ನಮ್ಮದಾಗಿ ಬಹಳ ಕಾಲವಾಯಿತು. ಕರಾವಳಿಯವರು ಈಗಲೂ ಅದನ್ನು ತೋಪಿನ ಜಾಗ ಅನ್ನುವ ಅರ್ಥದಲ್ಲಿ ಆಡುತ್ತಾರೋ, ಬರೀ ಊರಿನ ಒಂದು ಜಾಗದ ಹೆಸರಾಗಿ ಉಳಿದಿದೆಯೋ? ಬಲ್ಲವರು ತಿಳಿಸಿ.