ಬೂಷ್ಟು ತೆಗೆಯೋ ಕೆಲಸಕ್ಕೆ ಯಾವ ತರಬೇತಿ? ಕೇಳಿದ್ದು, ಹೇಳಿದ್ದು

ಪ್ರಶ್ನೆ (ತೀರ್ಥಹಳ್ಳಿ, ಪೇಂಟಿಂಗ್ ಕಂಟ್ರಾಕ್ಟ್):
ನಮಸ್ಕಾರ ಸರ್. ಮೇಗರವಳ್ಳಿ, ಆಗುಂಬೆ ಕಡೆಯ ಹೋಂಸ್ಟೇಗಳಿಂದ ಬೂಷ್ಟು ತೆಗೆದುಕೊಡಿ ಅಂತ ಫೋನ್ ಬರ್ತಾ ಇದೆ. ನಮ್ಮ ಹುಡುಗರು ಬ್ಲೀಚಿಂಗ್ ನೀರು ಹೊಡೆದು, ತಿಕ್ಕಿ, ಪ್ರೈಮರ್ ಹಾಕಿ ಬಣ್ಣ ಬಳಿದು ಬರ್ತಾರೆ. ಮುಂದಿನ ಆಷಾಢಕ್ಕೆ ಅದೇ ಮೂಲೆ ಮತ್ತೆ ಕಪ್ಪು. ಈಗ ಒಬ್ಬರು ಒಂದು ದಿನದ ತರಬೇತಿ, ಫಾಗಿಂಗ್ ಮಷಿನ್, ಕೆಮಿಕಲ್, ಸರ್ಟಿಫಿಕೇಟ್ ಎಲ್ಲ ಸೇರಿಸಿ ಕೊಡ್ತೀವಿ ಅಂತಿದ್ದಾರೆ. ಸೇರಬಹುದಾ?

ಉತ್ತರ (ಶಿವಮೊಗ್ಗ, ತರಬೇತುದಾರ):
ಬೇಡ. ಅದು ಮಷಿನ್ ಮಾರಾಟ, ತರಬೇತಿ ಅಲ್ಲ. ಹೊಗೆಯಂತೆ ಕೆಮಿಕಲ್ ಹಾಯಿಸಿದರೆ ಬೂಷ್ಟು ಸಾಯಬಹುದು, ಆದರೆ ಸತ್ತ ಬೀಜಕಣವೂ ಮೂಗಿಗೆ ಹೋದರೆ ಅಲರ್ಜಿ ತರುತ್ತದೆ. ಅದನ್ನು ಕೊಂದರೆ ಸಾಲದು, ಮನೆಯಿಂದ ಹೊರಗೆ ಹಾಕಬೇಕು. ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ನಿಲ್ಲಿಸದಿದ್ದರೆ ಅಷ್ಟು ಮಾಡಿಯೂ ವ್ಯರ್ಥ. ಈ ಎರಡನ್ನೂ ಕೈಯಲ್ಲಿ ಮಾಡಿಸಿ ಕಲಿಸುವುದೇ ನಿಜವಾದ ತರಬೇತಿ.

ಈ ಕೆಲಸಕ್ಕೆಂದೇ ಲೈಸೆನ್ಸ್ ಕೊಡುವ ವ್ಯವಸ್ಥೆ ನಮ್ಮ ದೇಶದಲ್ಲಿಲ್ಲ, ಹಾಗಾಗಿ ಸರ್ಟಿಫಿಕೇಟ್ ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಹೊರದೇಶಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಅಮೆರಿಕದ ಐಐಸಿಆರ್‌ಸಿ ಸಂಸ್ಥೆ ಬೂಷ್ಟು ತೆಗೆಯುವ ಕೆಲಸಕ್ಕೆ ಮಾಡಿದ ಎಸ್520 ಮಾನದಂಡ. ಅವರಲ್ಲಿ ಮೊದಲು ನೀರಿನ ಹಾನಿಯ ಕೋರ್ಸ್ (ಡಬ್ಲ್ಯುಆರ್‌ಟಿ), ಅದಾದ ಮೇಲೆ ಬೂಷ್ಟಿನ ಕೋರ್ಸ್ (ಎಎಂಆರ್‌ಟಿ). ಕ್ರಮ ಗಮನಿಸಿ: ಒಣಗಿಸುವುದನ್ನು ಕಲಿಯುವುದು ಮೊದಲು, ಬೂಷ್ಟು ತೆಗೆಯುವುದನ್ನು ಕಲಿಯುವುದು ಆಮೇಲೆ.

ಯಾವ ತರಬೇತಿಗೆ ಸೇರುವ ಮೊದಲೂ ಇವನ್ನು ಕಲಿಸುತ್ತಾರಾ ಎಂದು ಕೇಳಿ.

ಮೊದಲನೆಯದು ತೇವದ ಮೂಲ ಹುಡುಕುವುದು. 45 ಸೆಂ.ಮೀ. ಚೌಕದ ಪ್ಲಾಸ್ಟಿಕ್ ಶೀಟನ್ನು ಗೋಡೆಗೆ ನಾಲ್ಕೂ ಕಡೆ ಟೇಪ್ ಹಚ್ಚಿ 16 ಗಂಟೆ ಬಿಡಿ. ಶೀಟಿನ ಒಳಮೈಯಲ್ಲಿ ಹನಿ ಕಟ್ಟಿದರೆ ನೀರು ಗೋಡೆಯೊಳಗಿಂದ ಬರುತ್ತಿದೆ: ಅಡಿಪಾಯದಿಂದ ಏರುತ್ತಿರಬಹುದು, ಎರಚಲು ಮಳೆ ಕುಡಿದಿರಬಹುದು, ಪೈಪ್ ಸೋರುತ್ತಿರಬಹುದು. ಹೊರಮೈಯಲ್ಲಿ ಕಟ್ಟಿದರೆ ಕೋಣೆಯ ಹವೆಯೇ ತಣ್ಣನೆ ಗೋಡೆಗೆ ತಾಗಿ ನೀರಾಗುತ್ತಿದೆ. ಎರಡಕ್ಕೂ ರಿಪೇರಿ ಬೇರೆ. ಪಿನ್ ಮೀಟರನ್ನು (ಸೂಜಿ ಚುಚ್ಚಿ ತೇವ ಅಳೆಯುವ ಮೀಟರ್) ಕಣ್ಣು ಮುಚ್ಚಿ ನಂಬಬೇಡಿ, ಅದರ ಅಂಕಿ ಮರಕ್ಕೆ ಹೊಂದಿಸಿದ್ದು. ಜಂಬಿಟ್ಟಿಗೆ ಗೋಡೆಯಲ್ಲಿ ಹೋಲಿಕೆಗೆ ಮಾತ್ರ ಬಳಸಿ. ಗೋಡೆ ಉಪ್ಪು ಬಿಟ್ಟಿದ್ದರೆ ಒಣಗಿದ ಜಾಗವನ್ನೂ ಒದ್ದೆ ಎಂದು ತೋರಿಸುತ್ತದೆ. ಬಿಳಿ ಪುಡಿ ಉಪ್ಪೋ ಬೂಷ್ಟೋ ಅನುಮಾನವಿದ್ದರೆ ನೀರಿನ ಹನಿ ಬಿಟ್ಟು ನೋಡಿ, ಉಪ್ಪಾದರೆ ಕರಗುತ್ತದೆ.

ಎರಡನೆಯದು ಕೆಲಸದ ಕೋಣೆಯನ್ನು ಶೀಟಿನಿಂದ ಮುಚ್ಚಿ ಬೇರ್ಪಡಿಸುವುದು. ಇದನ್ನು ಕಲಿಸದ ತರಬೇತಿಗೆ ದುಡ್ಡು ಕೊಡಬೇಡಿ. ಒಣಬೂಷ್ಟನ್ನು ಬ್ರಷ್‌ನಲ್ಲಿ ತಿಕ್ಕಿದ ಕ್ಷಣದಲ್ಲೇ ಬೀಜಕಣ ಪಕ್ಕದ ಕೋಣೆಯ ಹಾಸಿಗೆಗೂ ಹೋಗಿ ಕೂತಿರುತ್ತದೆ. ಅಮೆರಿಕದ ಪರಿಸರ ಇಲಾಖೆಯ ಮಾರ್ಗಸೂಚಿಯಂತೆ 10 ಚದರಡಿಗಿಂತ ಕಡಿಮೆ ಇದ್ದರೆ ಸಣ್ಣ ಕೆಲಸ, 100 ಚದರಡಿ ದಾಟಿದರೆ ಪೂರ್ತಿ ಮುಚ್ಚಿ ಮಾಡುವ ಕೆಲಸ. ಮುಚ್ಚಲು 150 ಮೈಕ್ರಾನ್ ಪಾಲಿಥೀನ್ ಶೀಟ್, ಜಿಪ್ ಬಾಗಿಲು, ಹೆಪಾ ಫಿಲ್ಟರಿನ (ಅತಿ ಸಣ್ಣ ಕಣವನ್ನೂ ಹಿಡಿಯುವಂಥದ್ದು) ಮೂಲಕ ಹವೆಯನ್ನು ಹೊರಗೆ ದೂಡುವ ಯಂತ್ರ ಬೇಕು. ಒಳಗಿನ ಹವೆ ಗಂಟೆಗೆ ಕನಿಷ್ಠ 4 ಸಲ ಬದಲಾಗಬೇಕು. 12 ಅಡಿಗೆ 12 ಅಡಿ, 10 ಅಡಿ ಎತ್ತರದ ಕೋಣೆ ಅಂದರೆ 1,440 ಘನ ಅಡಿ. ನಾಲ್ಕು ಸಲಕ್ಕೆ 5,760, ನಿಮಿಷಕ್ಕೆ 96 ಘನ ಅಡಿ. ಫಿಲ್ಟರ್ ತುಂಬುತ್ತಾ ಬಂದಂತೆ ಯಂತ್ರದ ಶಕ್ತಿ ಇಳಿಯುವುದರಿಂದ ನಿಮಿಷಕ್ಕೆ 200 ಘನ ಅಡಿಯದ್ದು ತನ್ನಿ. ಸರಿಯಿದೆಯಾ ನೋಡಲು ಜಿಪ್ಪಿನ ಸಂದಿಯಲ್ಲಿ ಊದುಬತ್ತಿ ಹಿಡಿಯಿರಿ, ಹೊಗೆ ಒಳಕ್ಕೇ ಹೋಗಬೇಕು. ಮಳೆಗಾಲದಲ್ಲಿ ಕರೆಂಟ್ ಹೋಯಿತೆಂದರೆ ಈ ಎಳೆತ ನಿಂತುಹೋಗುತ್ತದೆ. ತಕ್ಷಣ ಕೆಲಸ ನಿಲ್ಲಿಸಿ ಜಿಪ್ ಎಳೆದು ಮುಚ್ಚಬೇಕು, ಇಲ್ಲವೇ ಜನರೇಟರ್ ಇರಬೇಕು.

ಮೂರನೆಯದು ತೆಗೆಯುವ ಕ್ರಮ. ಹೆಪಾ ವ್ಯಾಕ್ಯೂಮ್, ಆಮೇಲೆ ಸೋಪಿನ ನೀರಲ್ಲಿ ಹಿಂಡಿದ ಬಟ್ಟೆಯಿಂದ ಒರೆಸುವುದು, ಒಣಗಿದ ಮೇಲೆ ಮತ್ತೆ ಹೆಪಾ ವ್ಯಾಕ್ಯೂಮ್. ಮಾಮೂಲಿ ವ್ಯಾಕ್ಯೂಮ್ ಬಳಸಿದರೆ ಹಿಂದಿನಿಂದ ಎಲ್ಲ ಹೊರಗೆ ಉಗುಳುತ್ತದೆ. ಜಿಪ್ಸಂ ಸೀಲಿಂಗ್, ಉಬ್ಬಿದ ಪ್ಲೈವುಡ್, ಹಾಸಿಗೆ ಇವನ್ನು ತೊಳೆಯಲು ಹೋಗಬೇಡಿ. ಕಪ್ಪು ಕಾಣುವ ಅಂಚಿನಿಂದ ಕನಿಷ್ಠ ಒಂದಡಿ ಆಚೆಗೆ ಕತ್ತರಿಸಿ, ಚೀಲದೊಳಗೆ ಚೀಲ ಹಾಕಿ ಬಾಯಿ ಕಟ್ಟಿ, ಚೀಲದ ಹೊರಮೈ ಒರೆಸಿ ಹೊರಗೆ ತನ್ನಿ. ಸಾಗುವಾನಿ ಪಕಾಸಿ, ರೀಪಿನಂಥ ಗಟ್ಟಿ ಮರವಾದರೆ ಮೇಲ್ಮೈ ಉಜ್ಜಿ ಉಳಿಸಿಕೊಳ್ಳಬಹುದು.

ಬ್ಲೀಚ್ ಬಗ್ಗೆ: ಅದರಲ್ಲಿ ಬಹುಪಾಲು ನೀರು. ಟೈಲ್ಸಿನ ಮೇಲೆ ಸರಿ. ಗಾರೆ, ಮರದಲ್ಲಿ ಬಣ್ಣ ಮಾತ್ರ ಹೋಗುತ್ತದೆ, ಬೇರು ಒಳಗೇ ಉಳಿಯುತ್ತದೆ, ಮೇಲಿಂದ ಅದಕ್ಕೆ ನೀರೂ ಸಿಕ್ಕಂತಾಯಿತು. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಕೋಣೆಯಲ್ಲಿ ಹುಡುಗರ ಪ್ರಾಣಕ್ಕೇ ಅಪಾಯ.

ಪ್ರಶ್ನೆ (ಸಾಗರ, ಸಿವಿಲ್ ಎಂಜಿನಿಯರ್):
ಸರ್, ಪುಸ್ತಕದಲ್ಲಿ ಮರದ ತೇವ ಶೇ. 12ಕ್ಕೆ ಇಳಿಸಿ ಅಂತಿದೆ. ಜುಲೈನಲ್ಲಿ ನಮ್ಮಲ್ಲಿ ಅದು ಸಾಧ್ಯವೇ? ಕಿಟಕಿ ತೆಗೆದಿಟ್ಟರೆ ಒಣಗುತ್ತದಾ?

ಉತ್ತರ (ತರಬೇತುದಾರ):
ಒಳ್ಳೇ ಪ್ರಶ್ನೆ ಮೇಡಂ. ಸಾಧ್ಯವಿಲ್ಲ, ಮತ್ತು ಆ ಅಂಕಿಯ ಹಿಂದೆ ಬೀಳಬಾರದು. ಮರ ಸುತ್ತಲಿನ ಹವೆಗೆ ಹೊಂದಿಕೊಳ್ಳುತ್ತದೆ. ಹವೆಯ ಆರ್ದ್ರತೆ ಶೇ. 80 ಇದ್ದರೆ ಮರ ಸುಮಾರು 16ಕ್ಕೆ, 90 ಇದ್ದರೆ ಸುಮಾರು 20ಕ್ಕೆ ಬಂದು ನಿಲ್ಲುತ್ತದೆ. ಅದೇ ಮನೆಯಲ್ಲಿ ಎಂದೂ ನೆನೆಯದ, ಬೂಷ್ಟಿಲ್ಲದ ಮರದ ಅಂಕಿ ತೆಗೆದುಕೊಂಡು ಅದನ್ನೇ ಗುರಿ ಮಾಡಿಕೊಳ್ಳಿ. ಆ ಗುರಿಯೇ 16ರ ಮೇಲಿದ್ದರೆ ಕೋಣೆಯ ಹವೆಯನ್ನೇ ಒಣಗಿಸಬೇಕು.

ಕಿಟಕಿ ಮುಚ್ಚಿ. ಹೊರಗೆ 22 ಡಿಗ್ರಿಯಲ್ಲಿ ಶೇ. 95 ಆರ್ದ್ರತೆ ಇರುವಾಗ ತೆರೆದಿಟ್ಟರೆ ತೇವವನ್ನು ಒಳಗೆ ಕರೆದಂತೆ. ಅದೇ ಹವೆಯನ್ನು 27 ಡಿಗ್ರಿಗೆ ಕಾಯಿಸಿದರೆ ಆರ್ದ್ರತೆ ಸುಮಾರು 70ಕ್ಕೆ ಇಳಿಯುತ್ತದೆ, ಜೊತೆಗೆ ಡಿಹ್ಯುಮಿಡಿಫೈಯರ್ (ಹವೆಯ ತೇವ ಎಳೆಯುವ ಯಂತ್ರ) ಇಟ್ಟರೆ ಕೆಲಸ ಆಗುತ್ತದೆ. ಅದರ ಡಬ್ಬದ ಮೇಲಿನ ಲೀಟರ್ ಲೆಕ್ಕ ಸಾಮಾನ್ಯವಾಗಿ 30 ಡಿಗ್ರಿ, ಶೇ. 80 ಆರ್ದ್ರತೆಗೆ ಬರೆದದ್ದು. ಕೋಣೆ ಒಣಗುತ್ತಾ ಬಂದಂತೆ ಎಳೆಯುವ ನೀರು ಬಹಳ ಕಡಿಮೆಯಾಗುತ್ತದೆ, ಆ ಲೆಕ್ಕ ನಂಬಿ ದಿನ ಹೇಳಬೇಡಿ. ಬೂಷ್ಟು ಇನ್ನೂ ಇರುವಾಗ ಅದರ ಎದುರು ಫ್ಯಾನ್ ಇಡುವುದು ದೊಡ್ಡ ತಪ್ಪು.

ಸೇರಿಸುತ್ತೇನೆ (ಕೊಪ್ಪ, ಹಳೇ ಮನೆ ರಿಪೇರಿ):
ಜಂಬಿಟ್ಟಿಗೆ ಮನೆಗೆ ಪ್ಲಾಸ್ಟಿಕ್ ಬಣ್ಣ ಬಳಿಯುವುದನ್ನು ದಯವಿಟ್ಟು ನಿಲ್ಲಿಸಿ. ಒಳಗಿನ ತೇವ ಹೊರಬರಲಾಗದೆ ಬಣ್ಣದ ಹಿಂದೆ ಕೂರುತ್ತದೆ, ಪದರ ಉಬ್ಬುತ್ತದೆ, ಅದರ ಮೇಲೆ ಕೂತ ಧೂಳೇ ಬೂಷ್ಟಿಗೆ ಊಟ. ಹೊಸದಾಗಿ ಬಳಿದ ಸುಣ್ಣದ ಕ್ಷಾರತೆ ಪಿಎಚ್ 12ರ ಹತ್ತಿರ ಇರುತ್ತದೆ, ಅಲ್ಲಿ ಬೂಷ್ಟು ಏಳುವುದು ಕಷ್ಟ. ಹವೆಗೆ ಸುಣ್ಣ ಕಲ್ಲಾಗುತ್ತಾ ಆ ಗುಣ ಇಳಿಯುತ್ತದೆ, ಅದಕ್ಕೇ ವರ್ಷವರ್ಷ ಬಳಿಯಬೇಕು. ಪಡುವಣ ಗೋಡೆಗೆ ಮಳೆಗಾಲದ ಮೊದಲು ಸೋಗೆ ತಟ್ಟಿ ಕಟ್ಟಿದರೆ ಎರಚಲಿನ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ತರಬೇತುದಾರ: ಒಪ್ಪುತ್ತೇನೆ, ಒಂದು ತಿದ್ದುಪಡಿಯೊಂದಿಗೆ. ಬೂಷ್ಟು ತೆಗೆಯದೆ ಅದರ ಮೇಲೇ ಸುಣ್ಣ ಬಳಿದರೆ ಮುಚ್ಚಿಟ್ಟಂತೆ ಅಷ್ಟೇ.

ಪ್ರಶ್ನೆ (ಹೊಸನಗರ):
ಕೊರೊನಾ ಟೈಮಲ್ಲಿ ಬಂದ ಬ್ಲ್ಯಾಕ್ ಫಂಗಸ್ ಇದೇನಾ? ಮನೆಯಲ್ಲಿ ಅಜ್ಜಿಗೆ ಉಬ್ಬಸ ಇದೆ.

ಉತ್ತರ (ತರಬೇತುದಾರ):
ಅಲ್ಲ. 2021ರಲ್ಲಿ ಕಾಡಿದ್ದು ಮ್ಯೂಕೋರ್ ಗುಂಪಿನ ಶಿಲೀಂಧ್ರ, ಹಿಡಿತ ತಪ್ಪಿದ ಸಕ್ಕರೆ ಕಾಯಿಲೆ ಮತ್ತು ಸ್ಟೀರಾಯ್ಡ್ ಸೇರಿದವರಿಗೆ ಹೆಚ್ಚಾಗಿ ಬಂತು. ಗೋಡೆಯ ಕಪ್ಪು ಸಾಮಾನ್ಯವಾಗಿ ಬೇರೆ ಜಾತಿಯದು. ಬಣ್ಣ ನೋಡಿ ಜಾತಿ ಹೇಳುವವರನ್ನು ನಂಬಬೇಡಿ. ಆದರೆ ಉಬ್ಬಸ ಇದ್ದವರಿಗೆ ಈ ಬೂಷ್ಟೂ ಕೆಟ್ಟದ್ದೇ. ಕೆಲಸ ನಡೆಯುವಾಗ ಅಜ್ಜಿಯನ್ನು ಬೇರೆ ಮನೆಯಲ್ಲಿ ಇರಿಸಿ, ಆ ಕೋಣೆಯಲ್ಲಿ ಮಾತ್ರ ಮಲಗಿಸದೆ ಇದ್ದರೆ ಸಾಲದು.

ಪ್ರಶ್ನೆ (ತೀರ್ಥಹಳ್ಳಿ):
ಸರ್, ಹಾಗಾದ್ರೆ ಮೊದಲು ಏನು ತಗೊಳ್ಳಲಿ? ಕೆಲಸ ಮುಗಿದಿದೆ ಅಂತ ಗಿರಾಕಿಗೆ ಹೇಗೆ ತೋರಿಸಲಿ?

ಉತ್ತರ (ತರಬೇತುದಾರ):
ಮೊದಲು ಮಾಸ್ಕ್. ತಿಕ್ಕುವ ಕೆಲಸಕ್ಕೆ ಪಿ100 ಫಿಲ್ಟರಿನ (ಎನ್95ಗಿಂತ ಹೆಚ್ಚು ಧೂಳು ತಡೆಯುವಂಥದ್ದು) ಅರ್ಧಮುಖದ ರಬ್ಬರ್ ಮಾಸ್ಕ್, ಸಣ್ಣ ಕೆಲಸಕ್ಕೆ ಎನ್95. ಗಡ್ಡ ಇದ್ದರೆ ಎರಡೂ ಮುಖಕ್ಕೆ ಕೂರುವುದಿಲ್ಲ, ಹುಡುಗರಿಗೆ ಮೊದಲೇ ಹೇಳಿ. ಆಮೇಲೆ ಆರ್ದ್ರತಾ ಮಾಪಕ, ಪಿನ್ ಮೀಟರ್, ಹೆಪಾ ವ್ಯಾಕ್ಯೂಮ್. ಹವೆ ದೂಡುವ ಯಂತ್ರ ದೊಡ್ಡ ಕೆಲಸ ಒಪ್ಪುವ ಮೊದಲು ಸಾಕು.

ತೋರಿಸುವುದಕ್ಕೆ: ಕಣ್ಣಿಗೆ ಬೂಷ್ಟು, ಧೂಳು ಕಾಣಬಾರದು, ವಾಸನೆ ಇರಬಾರದು, ಮೀಟರ್ ಅಂಕಿ ಗುರಿಗೆ ಬಂದಿರಬೇಕು. ಕೆಲಸದ ಮೊದಲು, ನಂತರದ ಅಂಕಿಗಳನ್ನು ಗೋಡೆಯ ನಕ್ಷೆ ಮೇಲೆ ಬರೆದುಕೊಡಿ. ಕೊನೆಯ ಪರೀಕ್ಷೆ ಬೇರೆಯವರಿಂದ ಮಾಡಿಸಿದರೆ ಉತ್ತಮ. ನ್ಯೂಯಾರ್ಕ್ ರಾಜ್ಯದಲ್ಲಂತೂ ಒಂದೇ ಕಟ್ಟಡದಲ್ಲಿ ಪರೀಕ್ಷೆಯನ್ನೂ ತೆಗೆಯುವ ಕೆಲಸವನ್ನೂ ಒಬ್ಬರೇ ಮಾಡುವಂತಿಲ್ಲ ಎಂಬ ಕಾನೂನೇ ಇದೆ. ಪ್ಲಾಸ್ಟರ್, ಬಣ್ಣದ ಕೆಲಸವನ್ನು ಜನವರಿಯಿಂದ ಏಪ್ರಿಲ್‌ ಒಳಗೆ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಮುಚ್ಚಿ, ತೆಗೆದು, ಒಣಗಿಸುವುದಷ್ಟಕ್ಕೇ ಕೊಟೇಶನ್ ಕೊಡಿ.