ಹಿನ್ನೀರಿನ ದೋಣಿಗೆ ಯಾವ ಫಿಶ್ ಫೈಂಡರ್?

ಕುಣಿಗಲ್ ಕಡೆಯ ಮಾರ್ಕೋನಹಳ್ಳಿ ಅಣೆಕಟ್ಟೆಯ ಹಿನ್ನೀರಿನಲ್ಲಿರುವ ಫೈಬರ್ ದೋಣಿ ನಮ್ಮ ಮನೆಯವರೆಲ್ಲ ಸೇರಿ ತೆಗೆದುಕೊಂಡದ್ದು. ಮಾವ ಮೀನುಗಾರರ ಸಂಘದ ಸದಸ್ಯರು, ಬಲೆ ಬಿಡುವವರು ಅವರು. ನಾವು ರಜೆಯಲ್ಲಿ ಗಾಳ ಹಿಡಿದು ಜೊತೆಗೆ ಹೋಗುತ್ತೇವೆ. ಈಗ ಆ ದೋಣಿಗೆ ಫಿಶ್ ಫೈಂಡರ್, ಅಂದರೆ ನೀರಿನೊಳಗಿನ ಮೀನು, ಆಳ ತೋರಿಸುವ ಯಂತ್ರ ತರುವ ಮಾತು ಬಂದಿದೆ. ಮನೆಯ ಗುಂಪಿನಲ್ಲಿ ನಡೆದ ಚರ್ಚೆ ಇದು.

ತಮ್ಮ: ಎಲ್ಲರೂ ಈ ಫೋಟೊ ನೋಡಿ. ಚೆಂಡಿನ ಥರ ಇದೆ. ಗಾಳದ ದಾರಕ್ಕೆ ಕಟ್ಟಿ ನೀರಿಗೆ ಎಸೆದರೆ ಮೊಬೈಲಿನಲ್ಲೇ ಮೀನು ಕಾಣುತ್ತದೆ. ವೈರ್ ಇಲ್ಲ, ಬ್ಯಾಟರಿ ಹೊರುವ ಕೆಲಸ ಇಲ್ಲ. ದಡದಲ್ಲಿ ನಿಂತೂ ಬಳಸಬಹುದು. ಇದನ್ನೇ ತಗೊಳ್ಳೋಣ ಅಲ್ವಾ?

ಕುಣಿಗಲ್ ಮಾವ: ಯಾವುದೂ ಬೇಡ ಅಳಿಯ. ಆಳ ಬೇಕಿದ್ದರೆ ಹಗ್ಗಕ್ಕೆ ಕಲ್ಲು ಕಟ್ಟಿ ಬಿಡು. ಆ ದುಡ್ಡಿಗೆ ಹೊಸ ಬಲೆ ಬರುತ್ತದೆ.

ಚಿಕ್ಕಪ್ಪ: ತರುವುದಾದರೆ ದೊಡ್ಡದೇ ತರೋಣ. ಒಂಬತ್ತು ಇಂಚಿನ ಪರದೆ, ದೋಣಿಯ ಎರಡೂ ಪಕ್ಕ ತೋರಿಸುವ ಸೈಡ್ ಸ್ಕ್ಯಾನ್. ಕಟ್ಟೆಯ ಕಡೆ ಆಳ ಜಾಸ್ತಿ, ಅಲ್ಲಿ ಹೋಗಿ ನೋಡೋಣ.

ಕುಣಿಗಲ್ ಮಾವ: ಕಟ್ಟೆಯ ಕಡೆ ದೋಣಿ ಹೋಗುವುದೇ ಇಲ್ಲ. ತುಂಬಿದಾಗ ಕಟ್ಟೆಯ ಸೈಫನ್, ನೀರು ಆಚೆ ಹಾಕುವ ಕೊಳವೆ, ತಾನಾಗಿಯೇ ನೀರು ಎಳೆಯುತ್ತದೆ. ಯಾರೂ ಗೇಟು ತೆಗೆಯಬೇಕಿಲ್ಲ. ಆ ಮಾತು ಇಲ್ಲಿಗೆ ಬಿಡಿ.

ಅಕ್ಕ: ಸರಿ ಮಾವ. ಹಾಗಾದರೆ ಒಂಬತ್ತು ಇಂಚು ಯಾಕೆ ಬೇಕು? ಹಣ ನನ್ನ ಹತ್ತಿರ ಜಮಾ ಆಗಬೇಕು, ಅದಕ್ಕೇ ಕೇಳುತ್ತಿದ್ದೇನೆ.

ನಾನು: ಮೊದಲು ಒಂದು ವಿಷಯ. ಹೆಸರು ಫಿಶ್ ಫೈಂಡರ್ ಆದರೂ ನಮಗೆ ಅದರಿಂದ ಬೇಕಾದದ್ದು ಮೀನಲ್ಲ, ನೆಲ. ನೀರಿಗಿಳಿಸುವ ಟ್ರಾನ್ಸ್‌ಡ್ಯೂಸರ್ ಅನ್ನುವ ಭಾಗ ಕೆಳಕ್ಕೆ ಶಬ್ದ ಬಿಟ್ಟು ಅದರ ಪ್ರತಿಧ್ವನಿ ಹಿಡಿಯುತ್ತದೆ. ಆ ಶಬ್ದ ಕೋನ್ ಐಸ್‌ಕ್ರೀಮನ್ನು ತಲೆಕೆಳಗು ಮಾಡಿದ ಹಾಗೆ, ಮೇಲೆ ಚೂಪಾಗಿ ಕೆಳಗೆ ಅಗಲವಾಗಿ ಹರಡುತ್ತದೆ. ಶಬ್ದದ ಆವರ್ತನ 200 ಕಿಲೋಹರ್ಟ್ಸ್ ಇದ್ದರೆ ಈ ಕೋನ ಸಾಮಾನ್ಯವಾಗಿ 20 ಡಿಗ್ರಿಯಷ್ಟು. ಅಂದರೆ 2 ಮೀಟರ್ ಆಳದಲ್ಲಿ ಅದು ನೋಡುವ ಜಾಗ ಮುಕ್ಕಾಲು ಮೀಟರ್ ಕೂಡ ಇಲ್ಲ. 6 ಮೀಟರ್ ಆಳದಲ್ಲಿ 2 ಮೀಟರ್ ಚಿಲ್ಲರೆ. ಕಾಟ್ಲ ಮೀನು ಮೇಲಿನ ನೀರಿನಲ್ಲೇ ಮೇಯುತ್ತದೆ. ಅದು ಈ ಕೋನದೊಳಗೆ ಬರುವುದೇ ಅಪರೂಪ, ದೋಣಿಯ ನೆರಳು ಕಂಡರೇ ದೂರ ಸರಿದುಬಿಡುತ್ತದೆ. ನಡುನೀರಿನ ರೋಹು, ತಳದ ಮೃಗಾಲ್ ಆದರೆ ಕಾಣಬಹುದು. ಜೊಂಡಿನೊಳಗೆ ಕೂತ ಕೊರಮೀನು ಯಾವ ಯಂತ್ರಕ್ಕೂ ಸಿಗುವುದಿಲ್ಲ. ಗಿಡಗಳೇ ಪರದೆ ತುಂಬಿಬಿಡುತ್ತವೆ.

ತಮ್ಮ: ಆದರೆ ಪರದೆಯಲ್ಲಿ ಮೀನಿನ ಚಿತ್ರ ಬರುತ್ತದಲ್ಲ?

ನಾನು: ಆ ಚಿತ್ರ ಯಂತ್ರದ ಊಹೆ ಕಣೋ. ಗಾಳಿಗುಳ್ಳೆ, ತೇಲುವ ಕಡ್ಡಿ, ಜೊಂಡು ಯಾವುದಕ್ಕಾದರೂ ಮೀನಿನ ಚಿತ್ರ ಹಾಕಬಹುದು. ಆ ಸೌಲಭ್ಯ ಆಫ್ ಮಾಡಿ, ಬರುವ ಪ್ರತಿಧ್ವನಿಯನ್ನೇ ನೋಡಬೇಕು. ಮೀನಿನ ಹೊಟ್ಟೆಯೊಳಗಿನ ಗಾಳಿಚೀಲಕ್ಕೆ ಶಬ್ದ ಬಡಿದು ವಾಪಸ್ ಬರುತ್ತದೆ. ಮೀನು ಕೋನವನ್ನು ದಾಟಿ ಹೋದರೆ ಕಮಾನಿನ ಗೆರೆ ಮೂಡುತ್ತದೆ. ನೆಲ ಗಟ್ಟಿ ಇದ್ದರೆ ದಪ್ಪ ಗೆರೆ, ಕೆಳಗೆ ಇನ್ನೊಂದು ಮಬ್ಬು ಗೆರೆ. ಕೆಸರಾದರೆ ತೆಳುವಾಗಿ ಕಾಣುತ್ತದೆ.

ಕುಣಿಗಲ್ ಮಾವ: ಆ ಶಬ್ದಕ್ಕೆ ಮೀನು ಓಡಿಹೋಗುವುದಿಲ್ವಾ?

ನಾನು: ಇಲ್ಲ ಮಾವ. ನಮ್ಮ ಕಿವಿಗೇ 20 ಕಿಲೋಹರ್ಟ್ಸ್ ಮೇಲೆ ಕೇಳಿಸದು. ಗೆಂಡೆ ಜಾತಿಯ ಮೀನಿಗೆ ಅದಕ್ಕಿಂತ ಎಷ್ಟೋ ಕಡಿಮೆ. ನೀವು ಹುಟ್ಟು ದೋಣಿಗೆ ತಾಗಿಸಿದರೆ ಆಗುವ ಸದ್ದೇ ಅವಕ್ಕೆ ಜಾಸ್ತಿ.

ಕುಣಿಗಲ್ ಮಾವ: ಆಗಲಿ. ನೆಲ ನೋಡಿ ನನಗೇನು ಲಾಭ?

ನಾನು: ಬಲೆ ಹರಿಯುವುದು ಎಲ್ಲಿ? ಮುಳುಗಿದ ಮರದ ಬೊಡ್ಡೆಗಳಿಗೆ ಸಿಕ್ಕಿ. ಕಲ್ಲು ಕಟ್ಟಿದ ಹಗ್ಗ ಬಿಟ್ಟ ಜಾಗದ ಆಳ ಹೇಳುತ್ತದೆ, ಒಂದು ಮಾರು ಆಚೆ ಬೊಡ್ಡೆ ಇದೆ ಅಂತ ಹೇಳುವುದಿಲ್ಲ. ಮಣ್ಣು ತೆಗೆದ ಗುಂಡಿಗಳೂ ಹಾಗೆಯೇ. ನಮ್ಮ ಹುಡುಗರು ಈಜಲು ಇಳಿಯುತ್ತಾರೆ, ಗುಂಡಿ ಎಲ್ಲಿ ಅಂತ ತಿಳಿಯಲೇಬೇಕು. ಅದಕ್ಕೇ ನನ್ನ ಹಟ ಜಿಪಿಎಸ್ ಇರುವ ಚಿಕ್ಕ ಯಂತ್ರಕ್ಕೆ. ಗಾರ್ಮಿನ್ ಸ್ಟ್ರೈಕರ್ 4 ಥರದ್ದು. ಅದರಲ್ಲಿ ನಕ್ಷೆ ಇಲ್ಲ, ಆದರೆ ನಾವು ಹಾಕಿದ ಗುರುತು ಉಳಿಯುತ್ತದೆ. ಎರಡು ಆವರ್ತನ, 77 ಮತ್ತು 200 ಕಿಲೋಹರ್ಟ್ಸ್. ಅಗಲ ಬೇಕಾದಾಗ 77, ಚೊಕ್ಕ ಚಿತ್ರ ಬೇಕಾದಾಗ 200.

ಕುಣಿಗಲ್ ಮಾವ: ಗುರುತು ಉಳಿಯುತ್ತದಾ? ಹಾಗಿದ್ದರೆ ಬೇಸಿಗೆ ತನಕ ತಡಿ. ನೀರು ಇಳಿದಾಗ ಬೊಡ್ಡೆಗಳೆಲ್ಲ ಹೊರಗೆ ಕಾಣುತ್ತವೆ. ಯಂತ್ರ ಹಿಡಿದುಕೊಂಡು ನಡೆದೇ ಹೋಗಿ ಒಂದೊಂದಕ್ಕೂ ಗುರುತು ಹಾಕಬಹುದು. ಮಳೆಗಾಲದಲ್ಲಿ ಅವು ಮುಳುಗಿದಾಗ ಗುರುತು ನೋಡಿ ಬಲೆ ತಪ್ಪಿಸಬಹುದು.

ನಾನು: ಮಾವ, ಇದು ನನಗೆ ಹೊಳೆದೇ ಇರಲಿಲ್ಲ. ಇದೊಂದಕ್ಕೇ ಯಂತ್ರ ತರಬಹುದು. ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸಬಹುದು, ಬಲೆ ಸ್ವಲ್ಪ ದೂರವೇ ಬಿಟ್ಟರೆ ಆಯಿತು.

ಅಕ್ಕ: ಚೆಂಡು ಬೇಡ ಅಂತಾಯ್ತಾ?

ನಾನು: ಗಾಳಕ್ಕೆ ಚೆಂಡು ಕೆಟ್ಟದ್ದಲ್ಲ. ಆದರೆ ದಾರ ತುಂಡಾದರೆ ಯಂತ್ರವೇ ಹೋಯಿತು. ಬಿಸಿಲಲ್ಲಿ ಮೊಬೈಲ್ ಪರದೆ ಕಾಣುವುದಿಲ್ಲ, ಚಾರ್ಜೂ ಬೇಗ ಖಾಲಿ. ಎಲ್ಲರೂ ಬಳಸುವ ವಸ್ತು ಯಾರೋ ಒಬ್ಬರ ಫೋನಿಗೆ ಅಂಟಿಕೊಳ್ಳಬಾರದು. ಇನ್ನು ಸೈಡ್ ಸ್ಕ್ಯಾನ್ ಚಿಕ್ಕಪ್ಪ, ಅದಕ್ಕೆ ದೋಣಿ ನೇರವಾಗಿ, ಒಂದೇ ವೇಗದಲ್ಲಿ ಹೋಗಬೇಕು. ಹುಟ್ಟು ಹಾಕುವ ದೋಣಿಯಲ್ಲಿ ದುಡ್ಡು ಸುಮ್ನೆ ಹೋಗುತ್ತದೆ.

ತಮ್ಮ: ಕರೆಂಟಿಗೆ? ದೋಣಿಗೆ ತೂತು ಹೊಡೆಯಬೇಕಾ?

ನಾನು: ಯುಪಿಎಸ್ ಒಳಗೆ ಇರುತ್ತದಲ್ಲ, 12 ವೋಲ್ಟ್ 7 ಎಎಚ್ (ಆಂಪಿಯರ್-ಅವರ್) ಬ್ಯಾಟರಿ, ಅದು ಸಾಕು. ಇಂಥ ಚಿಕ್ಕ ಯಂತ್ರ ಎಳೆಯುವುದು ಕಾಲು ಆಂಪಿಯರ್ ಆಸುಪಾಸು, ಇಡೀ ದಿನ ಬರುತ್ತದೆ. ಪ್ಲಸ್ ವೈರಿಗೆ ಫ್ಯೂಸ್ ಮರೆಯಬಾರದು. ತೂತು ಬೇಡ. ಟ್ರಾನ್ಸ್‌ಡ್ಯೂಸರನ್ನು ಪಿವಿಸಿ ಪೈಪಿಗೆ ಕಟ್ಟಿ ಪಕ್ಕದಲ್ಲಿ ಕ್ಲಾಂಪ್ ಹಾಕೋಣ. ಮುಖ ನೀರಿನೊಳಗೇ ಇರಬೇಕು, ನಡುವೆ ಗಾಳಿ ಬಂದರೆ ಶಬ್ದ ದಾಟದು. ಕೆಲಸ ಮುಗಿದ ಮೇಲೆ ಬಿಚ್ಚಿ ಮನೆಗೆ ತರಬಹುದು.

ಚಿಕ್ಕಪ್ಪ: ಒಂಬತ್ತು ಬೇಡ, ಒಪ್ಪಿದೆ. ಐದು ಇಂಚಾದರೂ ಇರಲಿ. ನನ್ನ ಕಣ್ಣಿಗೆ ಅಷ್ಟು ಚಿಕ್ಕ ಅಂಕಿ ಬಿಸಿಲಲ್ಲಿ ಕಾಣುವುದಿಲ್ಲ.

ಅಕ್ಕ: ಅದು ನ್ಯಾಯ. ತಮ್ಮ, ಆ ಚಿಕ್ಕ ಯಂತ್ರ, ಐದು ಇಂಚಿನದು, ಎರಡರ ಬೆಲೆಯನ್ನೂ ವಿಚಾರಿಸಿ ಗುಂಪಿಗೆ ಹಾಕು. ಟ್ರಾನ್ಸ್‌ಡ್ಯೂಸರ್ ಸೇರಿದ ಬೆಲೆ, ವಾರಂಟಿ ಇಲ್ಲೇ ನಡೆಯುತ್ತದಾ ಅಂತಲೂ ಕೇಳು. ವ್ಯತ್ಯಾಸ ಕಡಿಮೆ ಇದ್ದರೆ ಐದು. ಬ್ಯಾಟರಿ ಚಾರ್ಜ್ ಮಾಡಿ ಇಡುವುದು ಮಾವನ ಮನೆಯಲ್ಲಿ.

ಕುಣಿಗಲ್ ಮಾವ: ಇಡುತ್ತೇನೆ. ಬಳಸಲು ನನಗೂ ಹೇಳಿಕೊಡಬೇಕು.